ಮೂರನೇ ಮಷಿನ್ ತರುವ ಮುಂಚೆ

ಸಣ್ಣ ಕೈಗಾರಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಬಾಡಿಗೆ ಶೆಡ್ಡು. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದು ಹಳೇ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್. ನನ್ನನ್ನೂ ಸೇರಿಸಿ ಏಳು ಜನ. ಇಎನ್‌8 ಎಂಬ ಉಕ್ಕಿನ ರಾಡಿನಿಂದ ಪಿನ್ನು, ಬುಷ್ಷು ಮಾಡಿ ಕೊಡುತ್ತೇವೆ. ಆರ್ಡರಿಗೆ ಕೊರತೆ ಇಲ್ಲ, ಟೈಮಿಗೆ ಕೊಡಲು ಆಗುತ್ತಿಲ್ಲ. ದಿನಾ ಗಿರಾಕಿಯ ಫೋನು. 24 ಲಕ್ಷ ಸಾಲ ಕೊಡಲು ಬ್ಯಾಂಕಿನವರು ಒಪ್ಪಿದ್ದಾರೆ. ಮೂರನೇ ಸಿಎನ್‌ಸಿ ತರಲೇ ಸರ್?
ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಬಂದಾಗ ನಾನು ಉತ್ತರದ ಬದಲು ಒಂದು ಕೆಲಸ ಹೇಳಿದ್ದೆ. ಎರಡೂ ಸಿಎನ್‌ಸಿ ಮಷಿನ್ನಿಗೆ ಒಂದೊಂದು ನೋಟ್‌ಬುಕ್ ದಾರ ಕಟ್ಟಿ ತೂಗುಹಾಕಿ, ಮಷಿನ್ ನಿಂತ ಗಂಟೆ, ಮತ್ತೆ ಹೊರಟ ಗಂಟೆ, ಯಾಕೆ ನಿಂತಿತು ಎಂಬುದಕ್ಕೆ ಎರಡು ಮಾತು, ಇಷ್ಟನ್ನು ಆರು ದಿನ ಬರೆಸಿ ಎಂದು. ನೀವು ಶ್ರದ್ಧೆಯಿಂದ ಬರೆಸಿದ್ದೀರಿ. ಎಣ್ಣೆ ಕೈಯ ಗುರುತಿರುವ ಆ ಪುಟಗಳ ಫೋಟೊ ನನ್ನ ಮುಂದಿದೆ. ಅದರ ಲೆಕ್ಕ ಇಲ್ಲಿ ಹಾಕುತ್ತಿದ್ದೇನೆ, ಬೇರೆ ಓದುಗರಿಗೂ ಉಪಯೋಗವಾಗಲಿ ಎಂದು ನೀವೇ ಒಪ್ಪಿದ್ದೀರಿ.

ದಿನಕ್ಕೆ ಹತ್ತು ಗಂಟೆಯಂತೆ ಎರಡು ಮಷಿನ್, ಆರು ದಿನ. ಒಟ್ಟು 120 ಗಂಟೆ. ಅದರಲ್ಲಿ ಟೂಲು ರಾಡಿಗೆ ತಾಗಿ ಚಿಪ್ಸ್ (ಲೋಹದ ಸಿಪ್ಪೆ) ಬಿದ್ದದ್ದು 61 ಗಂಟೆ. ಸೆಟ್ಟಿಂಗ್ ಬದಲಿಸಲು, ಅಂದರೆ ಒಂದು ಪಾರ್ಟ್ ಮುಗಿಸಿ ಇನ್ನೊಂದಕ್ಕೆ ಮಷಿನ್ ಸಜ್ಜು ಮಾಡಲು, 29 ಗಂಟೆ. ಫಸ್ಟ್ ಪೀಸ್ ತೆಗೆದು, ಅದನ್ನು ನೀವು ನೋಡಿ ‘ಓಕೆ’ ಅನ್ನುವ ತನಕ ಕಾದದ್ದು 9 ಗಂಟೆ. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಚೂರು), ಟೂಲ್ ಇಲ್ಲದೆ 7. ರಾಡು ಕತ್ತರಿಸಿ ಬಂದಿಲ್ಲ, ಕರೆಂಟು ಹೋಯಿತು ಎಂದು 8. ರಿಪೇರಿ, ಕ್ಲೀನಿಂಗ್ 6.

ಅಂದರೆ ನಿಮ್ಮ ಹತ್ತಿರ ಈಗಲೂ ಎರಡು ಮಷಿನ್ ಇಲ್ಲ, ಒಂದೇ ಇದೆ. ಇನ್ನೊಂದು ನಿಂತೇ ಇದೆ.

ಸೆಟ್ಟಿಂಗ್ ವಿಷಯಕ್ಕೆ ಬರುತ್ತೇನೆ, ಗಂಟು ಇರುವುದು ಅಲ್ಲೇ. ವಾರಕ್ಕೆ ಹನ್ನೆರಡು ಸಲ ಸೆಟ್ಟಿಂಗ್ ಬದಲಿಸಿದ್ದೀರಿ. ಒಂದೊಂದಕ್ಕೆ ಸರಾಸರಿ ಎರಡೂಕಾಲು ಗಂಟೆಯ ಮೇಲೆ. ಮೊದಲ ಪತ್ರದಲ್ಲಿ ‘ಸೆಟ್ಟಿಂಗಿಗೆ ಒಂದು ಗಂಟೆ ಹಿಡಿಯಬಹುದು’ ಎಂದು ಬರೆದಿದ್ದಿರಿ. ನಿಮ್ಮದು ಸುಳ್ಳಲ್ಲ. ಸೆಟ್ಟರ್ ಚಕ್ಕಿನ (ರಾಡು ಹಿಡಿಯುವ ಭಾಗದ) ಮುಂದೆ ನಿಂತು ಕೈಯಾಡಿಸುವುದು ಒಂದೇ ಗಂಟೆ ಇರಬಹುದು. ಉಳಿದ ಹೊತ್ತು ಅವನು ಎಲ್ಲಿದ್ದ? ಮಂಗಳವಾರದ ಪುಟದಲ್ಲಿ ನಿಮ್ಮ ಹುಡುಗನೇ ಬರೆದಿದ್ದಾನೆ: ‘ಸಾಫ್ಟ್ ಜಾ ಹುಡುಕಿದ್ದು 25 ನಿಮಿಷ. ಅಲೆನ್ ಕೀ ಪಕ್ಕದ ಶೆಡ್ಡಿನಿಂದ ತಂದದ್ದು.’ ಸಾಫ್ಟ್ ಜಾ ಅಂದರೆ ಚಕ್ಕಿನಲ್ಲಿ ರಾಡು ಕಚ್ಚಿ ಹಿಡಿಯುವ ದವಡೆ, ಅಲೆನ್ ಕೀ ಅಂದರೆ ಬೋಲ್ಟ್ ತಿರುಗಿಸುವ ಕೀಲಿ.

ಜಪಾನಿನ ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ 1950ರಲ್ಲಿ ಹಿರೋಶಿಮಾದ ಒಂದು ವಾಹನ ಕಾರ್ಖಾನೆಯಲ್ಲಿ ನಿಂತು ಇದನ್ನೇ ನೋಡಿದ್ದರು. 800 ಟನ್ನಿನ ದೊಡ್ಡ ಪ್ರೆಸ್ಸಿನಲ್ಲಿ ಡೈ (ಅಚ್ಚು) ಬದಲಿಸಬೇಕಿತ್ತು. ಬಿಗಿಯುವ ಬೋಲ್ಟ್ ಒಂದು ಕಾಣೆ. ಕೆಲಸಗಾರ ಒಂದು ಗಂಟೆಗೂ ಹೆಚ್ಚು ಹೊತ್ತು ಹುಡುಕಿ, ಕೊನೆಗೆ ಬೇರೆ ಮಷಿನ್ನಿನ ಉದ್ದದ ಬೋಲ್ಟ್ ತಂದು ಕತ್ತರಿಸಿ ಹಾಕಿದ. ಅಷ್ಟು ಹೊತ್ತೂ ಪ್ರೆಸ್ಸು ಸುಮ್ಮನೆ ನಿಂತಿತ್ತು. ಶಿಂಗೊಗೆ ಹೊಳೆದದ್ದು ಸರಳ ವಿಷಯ. ಸೆಟ್ಟಿಂಗಿನಲ್ಲಿ ಎರಡು ಬಗೆಯ ಕೆಲಸ ಇದೆ. ಮಷಿನ್ ನಿಂತಾಗ ಮಾತ್ರ ಮಾಡಬಹುದಾದದ್ದು ಒಂದು, ಮಷಿನ್ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಇನ್ನೊಂದು. ಎರಡನ್ನೂ ಕಲಸಿಬಿಟ್ಟಿರುವುದರಿಂದ ಹೊತ್ತು ಹೋಗುತ್ತದೆ. 1969ರಲ್ಲಿ ಟೊಯೊಟಾದಲ್ಲಿ ಸಾವಿರ ಟನ್ನಿನ ಪ್ರೆಸ್ಸಿನ ಸೆಟ್ಟಿಂಗ್ ನಾಲ್ಕು ಗಂಟೆ ಹಿಡಿಯುತ್ತಿತ್ತು. ಅದನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ನಿಮಗೆ ಮೂರು ನಿಮಿಷ ಬೇಡ, ಒಂದು ಗಂಟೆ ಸಾಕು.

ಅದಕ್ಕೆ ಹೀಗೆ ಮಾಡಿ. ಹಳೇ ಟ್ರಾಲಿ ಒಂದನ್ನು ಕ್ಲೀನ್ ಮಾಡಿಸಿ. ಈಗಿನ ಬ್ಯಾಚಿನಲ್ಲಿ ಇನ್ನು ಐವತ್ತು ಪೀಸ್ ಉಳಿದಿದೆ ಅನ್ನುವಾಗ ಮುಂದಿನ ಬ್ಯಾಚಿನ ಡ್ರಾಯಿಂಗ್, ಅದರದೇ ಸಾಫ್ಟ್ ಜಾ, ಹೋಲ್ಡರಿಗೆ ಕಟ್ಟಿದ ಇನ್ಸರ್ಟುಗಳು, ಗೇಜು, ಕತ್ತರಿಸಿದ ರಾಡು ಎಲ್ಲ ಟ್ರಾಲಿಯಲ್ಲಿ ಮಷಿನ್ ಪಕ್ಕ ಬಂದು ನಿಂತಿರಬೇಕು. ಪ್ರತಿ ಪಾರ್ಟಿನ ಸಾಫ್ಟ್ ಜಾಗೆ ನಂಬರ್ ಪಂಚ್ ಮಾಡಿ ಗೋಡೆಯಲ್ಲಿ ಮೊಳೆ ಹೊಡೆದು ತೂಗುಹಾಕಿ. ಟರೆಟ್ಟಿನ, ಅಂದರೆ ಟೂಲು ಕಟ್ಟುವ ತಿರುಗು ತಲೆಯ, ಯಾವ ಸ್ಟೇಷನ್ನಿನಲ್ಲಿ ಯಾವ ಟೂಲು ಎಂಬುದನ್ನು ಪ್ರತಿ ಪಾರ್ಟ್‌ಗೂ ಒಂದು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿಡಿ. ನಿಮ್ಮ ಹನ್ನೊಂದು ಪಾರ್ಟಿನಲ್ಲಿ ಏಳಕ್ಕೆ ಮೊದಲ ನಾಲ್ಕು ಟೂಲು ಒಂದೇ, ಡ್ರಾಯಿಂಗ್ ನೋಡಿದರೆ ಗೊತ್ತಾಗುತ್ತದೆ. ಆ ನಾಲ್ಕನ್ನು ಟರೆಟ್ಟಿನಿಂದ ಬಿಚ್ಚಲೇಬೇಡಿ. ಏಳೂ ಪಾರ್ಟನ್ನು ಒಂದೇ ಮಷಿನ್ನಿಗೆ ಕೊಡಿ, ಅದೂ ಡಯಾ (ವ್ಯಾಸ) ಪ್ರಕಾರ ಒಂದರ ಹಿಂದೆ ಒಂದು.

ಫಸ್ಟ್ ಪೀಸಿಗೆ ಕಾದ ಒಂಬತ್ತು ಗಂಟೆ ಮಾತ್ರ ನಿಮ್ಮಿಂದಲೇ ಆದದ್ದು, ಬೇಸರ ಮಾಡಿಕೊಳ್ಳಬೇಡಿ. ನೀವು ಬ್ಯಾಂಕಿಗೆ ಹೋದರೆ, ಪ್ಲೇಟಿಂಗಿನವರ ಹತ್ತಿರ ಹೋದರೆ ಮಷಿನ್ ನಿಮ್ಮ ದಾರಿ ಕಾಯುತ್ತದೆ. ಗೋ–ನೋಗೋ ಗೇಜು (ಅಳತೆ ಸರಿಯೋ ತಪ್ಪೋ ಎಂದಷ್ಟೇ ಹೇಳುವ ಸಾಧನ) ಕೊಟ್ಟು ನಿಮ್ಮ ಹಿರಿಯ ಆಪರೇಟರಿಗೇ ಓಕೆ ಮಾಡುವ ಅಧಿಕಾರ ಕೊಡಿ. ಹನ್ನೆರಡು ವರ್ಷದಿಂದ ನಿಮ್ಮ ಜೊತೆ ಇರುವ ಮನುಷ್ಯ ಅವನು.

ಸೆಟ್ಟಿಂಗ್ ಒಂದು ಗಂಟೆಗೆ ಇಳಿದರೆ ವಾರಕ್ಕೆ 17 ಗಂಟೆ ಉಳಿತಾಯ. ಓಕೆ ಕಾಯುವುದು 9ರಿಂದ 3ಕ್ಕೆ ಇಳಿದರೆ ಇನ್ನೂ 6. ಒಟ್ಟು 23 ಗಂಟೆ. ಈಗಿನ ಪದ್ಧತಿಯಲ್ಲೇ ಮೂರನೇ ಮಷಿನ್ ತಂದರೆ ಅದೂ ವಾರಕ್ಕೆ ಮೂವತ್ತು ಗಂಟೆ ಚಿಲ್ಲರೆ ಮಾತ್ರ ಓಡುತ್ತದೆ. ಅದರ ಮುಕ್ಕಾಲು ಪಾಲು ಸಾಲವಿಲ್ಲದೆ ನಿಮ್ಮ ಶೆಡ್ಡಿನೊಳಗೇ ಇದೆ. ಸಾಲ ಮಾಡಿದರೆ ಐದು ವರ್ಷಕ್ಕೆ, ನೂರಕ್ಕೆ 11ರ ಬಡ್ಡಿಯಲ್ಲಿ, ತಿಂಗಳ ಕಂತು 52 ಸಾವಿರದ ಮೇಲಾಗುತ್ತದೆ.

ನಾನು 1998ರಲ್ಲಿ ಈ ತಪ್ಪು ಮಾಡಿದ್ದೇನೆ. ಡೆಲಿವರಿ ತಡವಾಗುತ್ತಿದೆ ಎಂದು ಸಾಲ ಮಾಡಿ ಮಷಿನ್ ತಂದೆ. ಸೆಟ್ಟರ್ ಇದ್ದವನು ಒಬ್ಬನೇ, ಅವನೇ ಮೂರು ಮಷಿನ್ನಿಗೂ ಓಡಾಡಿದ. ನಿಲ್ಲುವ ಮಷಿನ್ನು ಒಂದಿದ್ದದ್ದು ಎರಡಾಯಿತು. ಮೂರು ವರ್ಷ ಕಂತು ಕಟ್ಟಿ, ಕೊನೆಗೆ ಬಂದ ಬೆಲೆಗೆ ಮಾರಿದೆ. ಮಷಿನ್ ಲಾರಿಗೆ ಹತ್ತಿದ ದಿನ ನನ್ನ ಹೆಂಡತಿ ಶೆಡ್ಡಿಗೆ ಬಂದಿದ್ದಳು. ಅವಳ ಬಳೆ ಅಡವಿಟ್ಟು ಮಾರ್ಜಿನ್ ಹಣ (ಸಾಲದ ಜೊತೆ ನಾವು ಹಾಕಬೇಕಾದ ಪಾಲು) ಕಟ್ಟಿದ್ದೆ. ಅದಕ್ಕೇ ನಿಮ್ಮನ್ನು ಇಷ್ಟು ತಡೆಯುತ್ತಿದ್ದೇನೆ.

ಇನ್ನು ಮೌಲ್ಯದ ಲೆಕ್ಕ. ತಿಂಗಳಿಗೆ 9.6 ಲಕ್ಷ ಬಿಲ್ ಮಾಡುತ್ತೀರಿ. ಅದರಲ್ಲಿ ಸ್ಟೀಲಿಗೆ 4.1 ಲಕ್ಷ, ಪ್ಲೇಟಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟಿಗೆ 90 ಸಾವಿರ, ಕರೆಂಟಿಗೆ 45 ಸಾವಿರ, ಇನ್ಸರ್ಟು ಎಣ್ಣೆಗೆ 35 ಸಾವಿರ ಹೊರಗೆ ಹೋಗುತ್ತದೆ. ಉಳಿಯುವುದು 3.8 ಲಕ್ಷ. ನಿಮ್ಮ ಶೆಡ್ಡು ರಾಡಿಗೆ ಸೇರಿಸಿದ ಮೌಲ್ಯ ಅಂದರೆ ಅದೇ. ಸಂಬಳ, ಬಾಡಿಗೆ, ಬಡ್ಡಿ, ನಿಮ್ಮ ಮನೆಖರ್ಚು ಎಲ್ಲ ಅದರಲ್ಲೇ ಆಗಬೇಕು. ಏಳು ಜನಕ್ಕೆ ಭಾಗಿಸಿದರೆ ತಲೆಗೆ ಸುಮಾರು 54 ಸಾವಿರ. ಬಿಲ್ಲಿನ ಮೊತ್ತ ಬಿಡಿ, ಪ್ರತಿ ತಿಂಗಳ ಒಂದನೇ ತಾರೀಕು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಯಿರಿ.

ಅದನ್ನು ಮೇಲೆತ್ತಲು ಒಂದು ದಿನ ಗಿರಾಕಿಯ ಅಸೆಂಬ್ಲಿ ಲೈನಿಗೆ ಹೋಗಿ ನಿಂತುಕೊಳ್ಳಿ. 2003ರಲ್ಲಿ ನಾನು ಹೀಗೆ ಹೋಗಿ ನಿಂತಾಗ ಕಂಡದ್ದು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ನಮ್ಮ ಪಿನ್ನುಗಳ ಚೀಲ ಬಿಚ್ಚಿ, ಒಂದೊಂದನ್ನೂ ಬನಿಯನ್ ವೇಸ್ಟಿನಲ್ಲಿ ಒರೆಸಿ, ಉಗುರಿನಿಂದ ಗ್ರೂವ್ ಸವರಿ ಬರ್ (ಅಂಚಿನಲ್ಲಿ ಉಳಿದ ಲೋಹದ ಚೂಪು) ಇದೆಯಾ ನೋಡಿ, ಇದ್ದರೆ ಅರದಿಂದ ಉಜ್ಜಿ ಪಕ್ಕಕ್ಕಿಡುತ್ತಿದ್ದಳು. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನಮ್ಮ ಬರ್ ತಾಗಿ ಸೀಳಿದ ಬೆರಳು. ಅವತ್ತೇ ವಾಪಸ್ ಬಂದು ಪ್ರೋಗ್ರಾಮಿನಲ್ಲಿ ಗ್ರೂವಿನ ಎರಡೂ ಅಂಚಿಗೆ ಸಣ್ಣ ಚೇಂಫರ್ (ಓರೆ ಅಂಚು) ಹಾಕಿಸಿದೆ, ಪಿನ್ ತೊಳೆದು ಒಣಗಿಸಿ ಐವತ್ತರ ಟ್ರೇಯಲ್ಲಿ ಜೋಡಿಸಿ ಕಳಿಸಲು ಶುರುಮಾಡಿದೆ. ಎರಡು ತಿಂಗಳ ಮೇಲೆ ಪೀಸಿಗೆ ಒಂದು ರೂಪಾಯಿ ನಲವತ್ತು ಪೈಸೆ ಹೆಚ್ಚಿಗೆ ಕೇಳಿದೆ. ಪರ್ಚೇಸಿನವರು ಚೌಕಾಸಿ ಮಾಡದೆ ಕೊಟ್ಟರು, ಅವರ ಲೈನಿನಲ್ಲಿ ಅದಕ್ಕಿಂತ ಹೆಚ್ಚು ಉಳಿದಿತ್ತು. ನಿಮ್ಮ ಪಿನ್ನಿಗೆ ಓ-ರಿಂಗ್ (ರಬ್ಬರ್ ಉಂಗುರ) ಹಾಕುವುದು ಗಿರಾಕಿಯೇ ಎಂದು ಬರೆದಿದ್ದೀರಿ. ಅದನ್ನು ನೀವೇ ಹಾಕಿ ಕೊಡಬಹುದೇ ಎಂದು ಕೇಳಿ ನೋಡಿ.

ಮೂರು ತಿಂಗಳು ಇದನ್ನೆಲ್ಲ ಮಾಡಿ, 120ರಲ್ಲಿ 85 ಗಂಟೆ ಚಿಪ್ಸ್ ಬಿದ್ದೂ ಆರ್ಡರ್ ಮಿಕ್ಕುತ್ತಿದ್ದರೆ ಆಗ ಬರೆಯಿರಿ. ಮಷಿನ್ ತನ್ನಿ ಎಂದು ನಾನೇ ಹೇಳುತ್ತೇನೆ.

ಪ್ರಶ್ನೆ: ಸರ್, ನಮ್ದು ಗೋಕುಲ ರೋಡಿನ್ಯಾಗ ಸಣ್ಣ ವರ್ಕ್‌ಶಾಪ್ ಐತ್ರಿ. ಕಂಪ್ರೆಸರ್ ಹಗಲೆಲ್ಲಾ ಹೊಡಕೋತನ ಇರ್ತೈತಿ, ಆದ್ರೂ ಮಧ್ಯಾಹ್ನದಾಗ ಗಾಳಿ ಸಾಲೂದಿಲ್ಲ. ಕರೆಂಟ್ ಬಿಲ್ ನೋಡಿದ್ರ ಎದಿ ಧಸಕ್ಕಂತೈತಿ. ದೊಡ್ಡ ಕಂಪ್ರೆಸರ್ ತಗೋಬೇಕೇನ್ರಿ?
ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಬೇಡ್ರಿ, ಸದ್ಯಕ್ಕೆ ಬೇಡ. ವಾರದ ರಜೆಯ ದಿನ ಶೆಡ್ಡಿಗೆ ಹೋಗಿ, ಎಲ್ಲ ಮಷಿನ್ ಬಂದ್ ಇಟ್ಟು ಕಂಪ್ರೆಸರ್ ಮಾತ್ರ ಚಾಲೂ ಮಾಡಿ. ಟ್ಯಾಂಕ್ ತುಂಬಿ ಅದು ತಾನಾಗಿ ನಿಲ್ಲುತ್ತದೆ. ಯಾರೂ ಗಾಳಿ ಬಳಸುತ್ತಿಲ್ಲ, ಹಾಗಾದರೆ ಮತ್ತೆ ಚಾಲೂ ಆಗಬಾರದು. ಆದರೆ ಆಗುತ್ತದೆ. ಎಷ್ಟು ನಿಮಿಷ ಓಡಿತು, ಎಷ್ಟು ನಿಮಿಷ ನಿಂತಿತು ಎಂದು ನಾಲ್ಕೈದು ಸಲ ಬರೆದುಕೊಳ್ಳಿ. ಎರಡು ನಿಮಿಷ ಓಡಿ ನಾಲ್ಕು ನಿಮಿಷ ನಿಂತರೆ ನಿಮ್ಮ ಕಂಪ್ರೆಸರ್ ಕೊಡಬಲ್ಲ ಗಾಳಿಯ ಮೂರರಲ್ಲಿ ಒಂದು ಪಾಲು ಸೋರುತ್ತಿದೆ ಎಂದು ಅರ್ಥ.

ಮಷಿನ್ನುಗಳ ಸದ್ದಿಲ್ಲದ ಆ ಹೊತ್ತಿನಲ್ಲಿ ಸೋರುವ ಜಾಗ ಕಿವಿಗೇ ಕೇಳುತ್ತದೆ. ಕೇಳದ ಕಡೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆ. ಪೈಪಿನ ಕ್ಲಿಪ್ಪು, ಕಪ್ಲರ್, ಡ್ರೇನ್ ಕಾಕು, ಬ್ಲೋ ಗನ್ನು, ಹೆಚ್ಚಾಗಿ ಇವೇ. ಮೂರು ಮಿಲಿಮೀಟರಿನ ಒಂದೇ ತೂತು ಆರೇಳು ಬಾರ್ ಒತ್ತಡದಲ್ಲಿ ಸುಮಾರು ಮೂರು ಕಿಲೋವ್ಯಾಟ್ ನುಂಗುತ್ತದೆ. ಸೋರಿಕೆ ನಿಲ್ಲಿಸಿದ ಮೇಲೆ ಒತ್ತಡವನ್ನು ಒಂದು ಬಾರ್ ಇಳಿಸಿ ನೋಡಿ, ಕಂಪ್ರೆಸರಿನ ಕರೆಂಟು ನೂರಕ್ಕೆ ಆರೇಳರಷ್ಟು ಕಡಿಮೆಯಾಗುತ್ತದೆ. ಮೈ ಮೇಲಿನ ಧೂಳು ಕೊಡವಲು ಹುಡುಗರು ಏರ್ ಗನ್ ಹಿಡಿಯುವುದನ್ನು ಮಾತ್ರ ಇವತ್ತೇ ಬಿಡಿಸಿ. ಖರ್ಚಿಗಿಂತ ಕಣ್ಣು ಕಿವಿಯ ಪ್ರಶ್ನೆ ಅದು.

ಪ್ರಶ್ನೆ: ಉದ್ಯಮಬಾಗದಲ್ಲಿ ಎರಕದ ಭಾಗಗಳನ್ನು ಮಷಿನಿಂಗ್ ಮಾಡಿ ಕೊಡುತ್ತೇವೆ. ದೊಡ್ಡ ಕಂಪನಿಯೊಂದು 120 ದಿನವಾದರೂ ಹಣ ಕೊಡುತ್ತಿಲ್ಲ. ಕೇಳಿದರೆ ಆರ್ಡರ್ ತಪ್ಪುವ ಭಯ.
ಒಬ್ಬ ಓದುಗರು, ಬೆಳಗಾವಿ

ಉತ್ತರ: ಉದ್ಯಮ್ ನೋಂದಣಿ (ಸಣ್ಣ ಘಟಕಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿ, ಒಂದು ಪೈಸೆ ಶುಲ್ಕವಿಲ್ಲ. ಆ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ಛಾಪಿಸಿ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ.

ದೂರಿಗಿಂತ ಮುಂಚೆ ಇನ್ನೊಂದು ದಾರಿ ಇದೆ. 2024ರ ಏಪ್ರಿಲಿನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ಹಣವನ್ನು ಗಡುವು ಮೀರಿ ಉಳಿಸಿಕೊಂಡರೆ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರೀದಿದಾರ ಅದನ್ನು ಖರ್ಚೆಂದು ತೋರಿಸಬಹುದು. ಆದ್ದರಿಂದ ಪರ್ಚೇಸಿನವರ ಜೊತೆ ಜಗಳ ಬೇಡ. ಫೆಬ್ರವರಿಯಲ್ಲಿ ಅವರ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿ, ಉದ್ಯಮ್ ಪ್ರಮಾಣಪತ್ರದ ಪ್ರತಿ ಕಳಿಸಿ. ಮಾರ್ಚ್ ಮುಗಿಯುವ ಮುಂಚೆ ಅವರಿಗೇ ಅವಸರ ಇರುತ್ತದೆ. ಮಾಲು ತಲುಪಿದ ದಿನದ ಸಹಿ, ಮೊಹರು ಇರುವ ಚಲನ್ ಮಾತ್ರ ಜೋಪಾನ. ಅದಿಲ್ಲದೆ ಯಾವ ಕಾಯ್ದೆಯೂ ಕೈಹಿಡಿಯುವುದಿಲ್ಲ.

ಪ್ರಶ್ನೆ: ಸುಳ್ಯದ ಹತ್ತಿರ ನಾವು ನಾಲ್ವರು ಹೆಂಗಸರು ಸೇರಿ ಹಾಳೆ ತಟ್ಟೆ ಮಾಡುತ್ತೇವೆ. ವಿದೇಶಕ್ಕೆ ಕಳಿಸುತ್ತಿದ್ದ ವ್ಯಾಪಾರಿ ಈಗ ಮಾಲು ಬೇಡ ಅನ್ನುತ್ತಾರೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಅರ್ಧ ಹಾಳಾಯಿತು. ಮುಂದುವರಿಸುವುದೋ ಬಿಡುವುದೋ?

ಉತ್ತರ: ಅಕ್ಕ, ಮೊದಲು ಕಷ್ಟದ ಮಾತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳನ್ನು ತಡೆಹಿಡಿಯಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂಬುದು ಅವರ ಆಕ್ಷೇಪ. ನಿಮ್ಮ ವ್ಯಾಪಾರಿಯ ಕಷ್ಟ ಬಹುಶಃ ಅದೇ. ‘ನಮ್ಮ ಅಜ್ಜಿಯರು ಹಾಳೆಯಲ್ಲೇ ಉಂಡರು’ ಎಂಬುದು ನಮ್ಮ ಮನಸ್ಸಿಗೆ ಸರಿ, ಅವರಿಗೆ ಲ್ಯಾಬಿನ ವರದಿ ಬೇಕು. ಅದನ್ನು ನಾಲ್ವರೇ ಮಾಡಿಸುವುದು ಭಾರ. ನಿಮ್ಮ ಸುತ್ತಿನ ಘಟಕಗಳೆಲ್ಲ ಒಟ್ಟಾಗಿ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು.

ಬೂಷ್ಟಿನ ವಿಷಯ ನಿಮ್ಮ ಕೈಯಲ್ಲೇ ಇದೆ. ನೀವು ಕಳಿಸಿದ ತಟ್ಟೆಯ ಬುಡದಲ್ಲಿ ಕಪ್ಪು ಚುಕ್ಕೆ ಇರುವುದು ಅಂಚಿನ ಹತ್ತಿರ, ಹಾಳೆ ದಪ್ಪ ಇರುವ ಕಡೆ. ಅಲ್ಲಿ ಒಳಗಿನ ಪಸೆ ಆರಿಲ್ಲ. ನೆನೆಸಿದ ಹಾಳೆಯನ್ನು ನೀರು ಪೂರ್ತಿ ಇಳಿಯುವ ತನಕ ನಿಲ್ಲಿಸಿಡಿ. ದಪ್ಪ ಹಾಳೆ, ತೆಳು ಹಾಳೆ ಬೇರೆ ಮಾಡಿ, ದಪ್ಪದ್ದಕ್ಕೆ ಡೈಯಲ್ಲಿ ಇನ್ನಷ್ಟು ಸೆಕೆಂಡ್ ಕೊಡಿ. ಡೈಯಿಂದ ತೆಗೆದ ಬಿಸಿ ತಟ್ಟೆಯನ್ನು ಕೂಡಲೇ ಪ್ಲಾಸ್ಟಿಕ್ಕಿಗೆ ತುಂಬಬೇಡಿ, ಬಿಸಿಲಿಗೆ ಹಾಕಿ. ಮಳೆಗಾಲಕ್ಕೆ ಬೇಕಾದ ತಟ್ಟೆಯನ್ನು ಮೇ ಮುಗಿಯುವ ಮುಂಚೆಯೇ ಮಾಡಿಟ್ಟುಕೊಳ್ಳಿ.

ಒಂದು ಹಾಳೆಯಲ್ಲಿ ದೊಡ್ಡ ತಟ್ಟೆಯೊಂದನ್ನು ಒತ್ತಿ ಉಳಿದದ್ದನ್ನು ದನಕ್ಕೆ ಹಾಕುತ್ತೇವೆ ಎಂದು ಬರೆದಿದ್ದೀರಿ. ದನಕ್ಕೆ ಅಂಚಿನ ಚೂರು ಸಾಕು. ಹಾಳೆಯ ಅಗಲದ ತುದಿಯಿಂದ ತಟ್ಟೆ ತೆಗೆದರೆ ಕಿರಿದಾದ ಕಡೆ ಪಾಯಸದ ಬಟ್ಟಲು ಎರಡು ಬರುತ್ತವೆ. ತಟ್ಟೆ ಮತ್ತು ಎರಡು ಬಟ್ಟಲನ್ನು ಒಂದೇ ಜೋಡಿಯಾಗಿ, ಇಪ್ಪತ್ತೈದರ ಕಟ್ಟು ಮಾಡಿ ಮದುವೆ ಅಡಿಗೆಯವರಿಗೆ ನೇರ ಕೊಡಿ. ಬಿಡಬೇಡಿ, ಒಂದು ಮದುವೆ ಸೀಸನ್ ನೋಡಿ.

ಪ್ರಶ್ನೆ: ಯಜಮಾನರು ತೀರಿಕೊಂಡ ಮೇಲೆ ಹೂಟಗಳ್ಳಿಯ ನಮ್ಮ ಮೋಲ್ಡಿಂಗ್ ಘಟಕ ನಾನೇ ನೋಡಿಕೊಳ್ಳುತ್ತಿದ್ದೇನೆ. ನೈಲಾನ್ ಭಾಗಗಳು. ಹೋದ ವಾರ ನೀರಿನ ಟ್ಯಾಂಕಿನ ಹಿಂದೆ ಒಂದು ಚೀಲ ಸಿಕ್ಕಿತು, ಒಳಗೆ ಪೂರ್ತಿ ರಿಜೆಕ್ಟ್ ಪೀಸು. ನಂಬಿದ ಹುಡುಗರೇ ಬಚ್ಚಿಟ್ಟಿದ್ದಾರೆ. ಹೇಗೆ ಶಿಕ್ಷಿಸಲಿ?
ಮೈಸೂರು

ಉತ್ತರ: ಅಮ್ಮಾ, ಶಿಕ್ಷಿಸಬೇಡಿ. ರಿಜೆಕ್ಟ್ ಆದರೆ ಸಂಬಳದಲ್ಲಿ ಹಿಡಿಯುವ ಪದ್ಧತಿ ಯಜಮಾನರ ಕಾಲದಿಂದ ಇದೆ ಎಂದು ನೀವೇ ಬರೆದಿದ್ದೀರಿ. ಹಿಡಿಯುತ್ತಾರೆ ಎಂದು ಗೊತ್ತಿದ್ದರೆ ಯಾರಾದರೂ ಬಚ್ಚಿಡುತ್ತಾರೆ. ಆ ಪದ್ಧತಿ ನಿಲ್ಲಿಸಿದೆ ಎಂದು ನಾಳೆ ಬೆಳಿಗ್ಗೆ ಎಲ್ಲರನ್ನೂ ಕರೆದು ಹೇಳಿ. ಪ್ರತಿ ಮಷಿನ್ ಪಕ್ಕ ಒಂದು ಕೆಂಪು ಡಬ್ಬ ಇಡಿ. ಕೆಟ್ಟ ಪೀಸೆಲ್ಲ ಅದರೊಳಗೆ, ಯಾವ ಗಂಟೆಯದು ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು. ಬೆಳಿಗ್ಗೆ ಹತ್ತು ನಿಮಿಷ ಆ ಡಬ್ಬದ ಸುತ್ತ ನೀವೂ ಅವರ ಜೊತೆ ನಿಂತುಕೊಳ್ಳಿ. ಮೊದಲ ವಾರ ರಿಜೆಕ್ಷನ್ ಹೆಚ್ಚಾದಂತೆ ಕಾಣುತ್ತದೆ, ಹೆದರಬೇಡಿ. ಅದು ಮೊದಲೂ ಇತ್ತು, ಟ್ಯಾಂಕಿನ ಹಿಂದೆ ಇತ್ತು.

ನೀವು ಕಳಿಸಿದ ಫೋಟೊದಲ್ಲಿ ಪೀಸಿನ ಮೇಲೆ ಬೆಳ್ಳಿ ಗೆರೆ ಎಳೆದಂತೆ ಕಾಣುತ್ತದೆ. ನೈಲಾನ್ ಗಾಳಿಯ ತೇವ ಹೀರುತ್ತದೆ. ತೇವ ಇರುವ ಕಾಳು ಮಷಿನ್ನಿನ ಬ್ಯಾರಲ್ಲಿನಲ್ಲಿ (ಕರಗಿಸುವ ಕೊಳವೆಯಲ್ಲಿ) ಕಾದಾಗ ಆವಿಯಾಗಿ ಆ ಗೆರೆ ಬರುತ್ತದೆ. ರಾತ್ರಿ ಚೀಲದ ಬಾಯಿ ಕಟ್ಟಿಡುತ್ತಾರಾ ನೋಡಿ. ಡ್ರೈಯರಿನಲ್ಲಿ 80 ಡಿಗ್ರಿಯಲ್ಲಿ ನಾಲ್ಕು ಗಂಟೆಯಾದರೂ ಒಣಗಬೇಕು. ಬೆಳಿಗ್ಗೆ ಎಂಟಕ್ಕೆ ಬಂದು ಡ್ರೈಯರ್ ಹಾಕಿ ಒಂಬತ್ತಕ್ಕೇ ಮೋಲ್ಡಿಂಗ್ ಶುರುಮಾಡಿದರೆ ಮಧ್ಯಾಹ್ನದ ತನಕ ಬರುವುದೆಲ್ಲ ಹೀಗೇ ಇರುತ್ತದೆ. ಅದರಲ್ಲಿ ಹುಡುಗರ ತಪ್ಪು ಎಲ್ಲಿದೆ?

ಟ್ಯಾಂಕಿನ ಹಿಂದಿನ ಆ ಚೀಲವನ್ನು ಗ್ರೈಂಡರಿಗೆ ಹಾಕಿಬಿಡಬೇಡಿ. ನಾಳೆಯ ಕೆಂಪು ಡಬ್ಬದಿಂದ ಬೆಳಗಿನ ಹತ್ತು ಪೀಸು, ಸಂಜೆಯ ಹತ್ತು ಪೀಸು, ಆ ಹಳೇ ಚೀಲದ ಹತ್ತು ಪೀಸು ಬೇರೆ ಬೇರೆ ಕವರಿನಲ್ಲಿ ಹಾಕಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಗೆರೆ ಬೆಳಗಿನದರಲ್ಲೇ ಹೆಚ್ಚಿದೆಯೋ ಎಂದು ನೋಡಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.